ಬಾತುಗಳ ಗಲಾಟೆಯಲ್ಲಿ ಕಳೆದುಹೋದ ಪಾಠ

ಕುಟ್ಟನಾಡಿನ ನಮ್ಮ ದೋಣಿಕಡವಿನಲ್ಲಿ ನನ್ನ ಪಕ್ಕ ನರ್ಸಿಂಗ್ ಸಮವಸ್ತ್ರದ ಹುಡುಗಿಯೊಬ್ಬಳು ಅಜ್ಜಿಯ ಜೊತೆ ಕೂತಿದ್ದಳು.

"ವಾರ್ಡಿನ ಮೊದಲ ದಿನವೇ ಅತ್ಕೊಂಡು ಬಂದ್ಯಲ್ಲೇ ಜಿನ್ಸಿ. ಈಗಲಾದ್ರೂ ಹೇಳು, ನಿನ್ನೆ ಏನಾಯ್ತು?"

"ನಾಡಿ ನೋಡೋಕೆ ಹೋದ್ರೆ ವಯಸ್ಸಾದ ಅಪ್ಪಚ್ಚನ್ ಒಬ್ರು ಕೈ ಕೊಡವಿ ಬೈದುಬಿಟ್ರು, ಅಮ್ಮಚ್ಚೀ."

"ಮುಟ್ತೀನಿ ಅಂತ ಹೇಳಿದ್ಯಾ?"

"ಹೇಳ್ಬೇಕಾ?"

"ಅಯ್ಯೋ ಪುಣ್ಯಾತ್ಗಿತ್ತಿ! ಕೊರೋನಾದಲ್ಲಿ ಸಿಗ್ನಲ್ ಅಲ್ಲೇ ಸಿಗೋದು ಅಂತ ಬಾತುಕೋಳಿ ಗೂಡಿನ ಪಕ್ಕ ನನ್ನನ್ನ ಮಂಚದ ಮೇಲೆ ರೋಗಿ ಥರ ಮಲಗಿಸಿ ಆನ್‌ಲೈನ್ ಕ್ಲಾಸಲ್ಲಿ ನಾಡಿ ನೋಡೋದು ಕಲಿತ್ಯಲ್ಲ, ಟೀಚರು ಫೋನಲ್ಲಿ ದಿನಾ ಅದನ್ನೇ ಕಿರುಚ್ತಿದ್ರು. ಮೊದಲು ಹೇಳಿ, ಆಮೇಲೆ ಮುಟ್ಟಿ ಅಂತ."

"ಬಾತುಗಳ ಗಲಾಟೆಯಲ್ಲಿ ನಂಗೆ ಕೇಳಿಸ್ಲೇ ಇಲ್ಲ."

"ಫೋನು ನನ್ನ ದಿಂಬಿನ ಮೇಲಿತ್ತಲ್ಲ, ನಂಗೆ ಕೇಳಿಸ್ತಿತ್ತು. ಮುಟ್ಟೋದು ಮೊಮ್ಮಗಳು ತಾನೇ ಅಂತ ಸುಮ್ಮನಿದ್ದೆ."

"ಇವತ್ತು ಮೊದಲು ಅವರ ಹತ್ರಾನೇ ಹೋಗ್ತೀನಿ."

"ಮತ್ತೆ ಬೈದ್ರೆ?"

"ಬೈಲಿ. ಕೇಳಿ, ಒಪ್ಪಿಸಿ, ನಾಡಿ ನೋಡೇ ಬರೋದು."

ಆಲಪ್ಪುಳದ ದೋಣಿ ಬಂತು, ನನ್ನದು ಅದಲ್ಲ. ಹತ್ತುವ ಹಲಗೆ ಅಲುಗಾಡುತ್ತಿತ್ತು. ಮೊದಲು ಹತ್ತಿದ ಹುಡುಗಿ ತಿರುಗಿ ಕೈ ಚಾಚಿದಳು, ಅರ್ಧಕ್ಕೇ ನಿಲ್ಲಿಸಿದಳು.

"ಅಮ್ಮಚ್ಚೀ, ಕೈ ಹಿಡ್ಕೋತೀನಿ, ಆಗಬಹುದಾ?"

"ಹಿಡ್ಕೋ. ಇಷ್ಟು ಕೇಳೋಕೆ ಎರಡು ವರ್ಷ ಬೇಕಾಯ್ತು ನೋಡು."