ಹಬ್ಬದ ಕಡುಬು ತಿಂದ ಇಲಿಗಳು

ಬೆಳಗಿನ ಮಾತ್ರೆಯಿಂದ ಮನಸ್ಸು ನಿಜವಾಗಿಯೂ ಒಂದೆಡೆ ನಿಲ್ಲುತ್ತಿದೆಯೋ, ಅಥವಾ ತಾನೇ ಹಾಗೆಂದು ನಂಬಿಕೊಂಡಿರುವುದೋ? ಬನಶಂಕರಿ ಬಸ್ ನಿಲ್ದಾಣದ ಬೆಂಚಿನಲ್ಲಿ ಕೂತು ಸುಭಾಷ್ ಇದನ್ನೇ ಯೋಚಿಸುತ್ತಿದ್ದಾಗ, ಪಕ್ಕದಲ್ಲಿ ಒಬ್ಬ ಯುವತಿ ಹಿರಿಯರೊಬ್ಬರನ್ನು ತರಾಟೆಗೆ ತೆಗೆದುಕೊಂಡಳು.

“ಹನುಮಯ್ಯನೋರೇ, ಲ್ಯಾಬ್ ಇಲಿಗಳನ್ನ ನೋಡ್ಕೊಳ್ಳಿ ಅಂತ ನಿಮ್ಮ ಕೈಗೆ ಕೊಟ್ರೆ, ವಾರ ಪೂರ್ತಿ ಕಡುಬು ಹಾಕಿದ್ದೀರಲ್ಲ!”

“ಗಣೇಶನ ಹಬ್ಬ ಅಲ್ವಾ ಮೇಡಂ. ಅವನ ವಾಹನಾನೇ ಉಪವಾಸ ಕೆಡವೋದಾ?”

“ಹಸಿದಿದ್ರೆ ತಾನೇ ಅವು ದೀಪ ಹತ್ತಿದ ಕಡೆ ಗಮನ ಇಟ್ಟು ಮೂತಿ ಹಾಕೋದು? ಹಾಕಿದ್ರೆ ಕಾಳು ಸಿಗುತ್ತೆ ಅಂತ.”

“ಅದಕ್ಕೇ ಮಲಗಿಬಿಟ್ವು. ಹೊಟ್ಟೆ ತುಂಬಿತ್ತು, ಪಾಪ.”

“ಪಾಪ ನಾನು! ಮಿದುಳಿನ ಮುಂಭಾಗದಲ್ಲಿ ಡೋಪಮೈನ್ ಹೆಚ್ಚಿಸಿ ಗಮನ ನಿಲ್ಲಿಸೋ ಔಷಧಿ, ನಾನು ಆ ಇಲಿಗಳ ಮೇಲೆ ಪರೀಕ್ಷೆ ಮಾಡ್ತಿದ್ದದ್ದು. ಜನಕ್ಕೂ ಅದನ್ನೇ ಕೊಡ್ತಾರೆ. ಇಲಿಗಳು ಮಲಗಿದ್ದು ನೋಡಿ, ಅದು ಕೆಲ್ಸಾನೇ ಮಾಡಲ್ಲ ಅಂತ ಗೈಡ್‌ಗೆ ಬರೆದುಕೊಟ್ಟೆ. ಪಿಎಚ್‌ಡಿಗೆ ಬೇರೆ ವಿಷಯ ಹುಡುಕು ಅಂದ್ರು.”

ಸಿಟ್ಟಿನಲ್ಲಿ ಔಷಧಿಯ ಹೆಸರನ್ನೂ ಹೇಳಿದಳು. ಸುಭಾಷನ ಕೈ ತನ್ನ ಚೀಲದ ಮೇಲೆ ಹೋಯಿತು.

“ಹಾಗಾದ್ರೆ ಅದು ಕೆಲ್ಸ ಮಾಡುತ್ತಾ ಮೇಡಂ?” ಹನುಮಯ್ಯ ಕೇಳಿದರು.

“ನಿಮ್ಮ ಕಡುಬಾದ್ಮೇಲೆ ಯಾರಿಗ್ರೀ ಗೊತ್ತು? ಎಲ್ಲಾ ಮೊದಲಿಂದ ಮಾಡ್ಬೇಕು, ಗೈಡ್ ಒಪ್ಪಿದ್ರೆ. ಬನ್ನಿ, ನೀವೇ ಅವರಿಗೆ ಹೇಳಿ.”

“ಹೇಳ್ತೀನಿ. ಅವರೂ ನಾಲ್ಕು ತಿಂದಿದ್ದಾರೆ, ಚೆನ್ನಾಗಿದೆ ಅಂದಿದ್ರು.”

ಯುವತಿ ಹಣೆ ಚಚ್ಚಿಕೊಂಡಳು. ಗೊಟ್ಟಿಗೆರೆ ಬಸ್ ಬಂತು. ಇಬ್ಬರೂ ಹತ್ತಿ ಹೋದರು.

ದಿನವೂ ತಾನು ನುಂಗುತ್ತಿದ್ದ ಅದೇ ಮಾತ್ರೆಯ ಪಟ್ಟಿಯನ್ನು ಸುಭಾಷ್ ಚೀಲದಿಂದ ತೆಗೆದು, ಹೆಸರನ್ನು ಇನ್ನೊಮ್ಮೆ ಓದಿಕೊಂಡ.