ದೊಡ್ಡ ಮಿಸ್ ನಮ್ಮನ್ನು ಬಲ್ಲಂತೆ

ನಮ್ಮನ್ನಗಲಿದ ಮುಖ್ಯೋಪಾಧ್ಯಾಯಿನಿ, ನಮ್ಮೆಲ್ಲರ ದೊಡ್ಡ ಮಿಸ್ ಅವರ ಮಕ್ಕಳೇ, ಸೊಸೆಯವರೇ, ನನ್ನ ಹಳೆಯ ಸಹೋದ್ಯೋಗಿಗಳೇ, ಕುರ್ಚಿ ಸಾಲದೆ ಗೋಡೆಗೊರಗಿ ನಿಂತಿರುವ ಹಳೆಯ ವಿದ್ಯಾರ್ಥಿಗಳೇ — ನಿಮಗೆಲ್ಲ ನನ್ನ ನಮಸ್ಕಾರ.

ಇದೇ ಶಾಲೆಯಲ್ಲಿ ಮೂವತ್ತೊಂದು ವರ್ಷ ಭಾಷೆ ಮತ್ತು ವ್ಯಾಕರಣ ಕಲಿಸಿ ನಿವೃತ್ತಳಾದವಳು ನಾನು. ನಾನು ಮೈಕಿನ ಮುಂದೆ ಬಂದೊಡನೆ ನಿಮ್ಮಲ್ಲಿ ಕೆಲವರು ಬೆನ್ನು ನೆಟ್ಟಗೆ ಮಾಡಿಕೊಂಡದ್ದನ್ನು ನೋಡಿದೆ. ಒಳ್ಳೆಯ ಅಭ್ಯಾಸ, ಮುಂದುವರಿಸಿ.

ದೊಡ್ಡ ಮಿಸ್ ಅವರ ಮಗ ನಿನ್ನೆ ನಮ್ಮ ಮನೆಗೆ ಬಂದಿದ್ದರು. "ಆಂಟಿ, ಅಮ್ಮನ ಜ್ಞಾಪಕಶಕ್ತಿ ಬಗ್ಗೆ ನೀವೇ ಮಾತಾಡ್ಬೇಕು. ಒಂದೊಂದು ಮಗೂನೂ ಹೇಗೆ ಗುರುತಿಟ್ಕೊಂಡಿದ್ರು ಅಂತ ನಿಮಗಿಂತ ಚೆನ್ನಾಗಿ ಇನ್ಯಾರಿಗೆ ಗೊತ್ತು?" ಎಂದರು. ಹೂಂ ಎಂದುಬಿಟ್ಟೆ. ಅದು ತಪ್ಪಾಯಿತು. ವೇದಿಕೆಯ ಮೇಲೆ ನಿಂತು ಸುಳ್ಳು ಹೇಳುವ ಅಭ್ಯಾಸ ನನಗಿಲ್ಲ. ನಿಜ ಹೇಳಿದರೆ — ನಿಜ ಹೇಳಿದರೆ ಅವರ ಮನೆಯವರು ನನ್ನನ್ನು ಕ್ಷಮಿಸಬೇಕಾಗುತ್ತದೆ. ಮೊದಲೇ ಕೇಳಿಕೊಳ್ಳುತ್ತಿದ್ದೇನೆ.

ಅವರನ್ನು ಕಾಣದವರಿಗಾಗಿ ಹೇಳುತ್ತೇನೆ. ದಿನಾ ಬೆಳಿಗ್ಗೆ ದೊಡ್ಡ ಮಿಸ್ ಗೇಟಿನ ಬಳಿ ನಿಲ್ಲುತ್ತಿದ್ದರು. ಹೀಗೆ — ಒಂದು ಕೈ ಗೇಟಿನ ಸರಳಿನ ಮೇಲೆ, ಇನ್ನೊಂದರಲ್ಲಿ ಕನ್ನಡಕದ ಪೆಟ್ಟಿಗೆ. ಒಳಗೆ ಬರುವ ಮಕ್ಕಳನ್ನು ಕರೆಯುತ್ತಿದ್ದರು. ಹಾಜರಿಯಲ್ಲಿದ್ದ ಹೆಸರಿನಿಂದ ಅಲ್ಲ, ಗೆಳೆಯರು ಇಟ್ಟ ಹೆಸರಿನಿಂದ! "ಏನೋ ಲಾಟೀನು, ಇವತ್ತಾದ್ರೂ ಮುಖ ತೊಳ್ಕೊಂಡ್ಯಾ?" "ಬಾರೇ ಗಡಿಯಾರ, ಇವತ್ತೂ ಲೇಟಾ?" ಕರೆಸಿಕೊಂಡ ಮಗು ಆ ದಿನವೆಲ್ಲ ನೆಲದ ಮೇಲೆ ನಡೆಯುತ್ತಿರಲಿಲ್ಲ. ನಾವು ಶಿಕ್ಷಕರು ಬೆರಗಾಗಿ ನೋಡುತ್ತಿದ್ದೆವು. ನಮ್ಮ ನಮ್ಮ ತರಗತಿಯ ಮಕ್ಕಳ ಹೆಸರಿಗೇ ನಾವು ತಡವರಿಸುತ್ತಿದ್ದೆವು. ಇವರಿಗೆ ಇಡೀ ಶಾಲೆಯ ಅಡ್ಡಹೆಸರುಗಳೂ ಬಾಯಿಗೆ ಬರುತ್ತಿದ್ದವು.

ಸ್ಟಾಫ್ ರೂಮಿನಲ್ಲಿ ನನಗೂ ವಿಜ್ಞಾನದ ಮೇಷ್ಟ್ರಿಗೂ ದೇವರ ವಿಷಯದಲ್ಲಿ ಒಂದು ಹಳೆಯ ಜಗಳವಿತ್ತು. ಅವರೂ ಬಂದಿದ್ದಾರೆ, ಮುಂದಿನ ಸಾಲಿನಲ್ಲಿ, ಕಿವಿಗೆ ಯಂತ್ರ ಹಾಕಿಕೊಂಡು. ಕೇಳಿಸುತ್ತಿದೆಯೇ ಮೇಷ್ಟ್ರೇ? — ಇಲ್ಲವಂತೆ. ಇರಲಿ.

ಅವರು ಕೇಳುತ್ತಿದ್ದರು: "ಅಲ್ಲಾ ತಾಯಿ, ಇಷ್ಟೊಂದು ನಕ್ಷತ್ರ ಮಾಡಿ ಎಸೆದೋನು ಬಂದು ನಿಮ್ಮ ಮೊಣಕಾಲು ನೋವು ವಿಚಾರಿಸ್ತಾನಾ? ಮಳೆ ಸುರಿಸೋನು ಹನಿಗೆಲ್ಲ ಹೆಸರಿಟ್ಕೊಂಡು ಕೂತಿರ್ತಾನಾ?"

ನಾನು ಬಿಡುತ್ತಿರಲಿಲ್ಲ. "ಯಾಕ್ರೀ ಆಗಲ್ಲ? ನಮ್ಮ ದೊಡ್ಡ ಮಿಸ್ ನೋಡಿ. ಒಬ್ಬ ಹೆಂಗಸು. ಮನೆ, ಮಕ್ಕಳು, ಮೇಲೆ ಬಿ.ಪಿ. ಬೇರೆ. ಇಡೀ ಶಾಲೇನ ಒಬ್ಬೊಬ್ಬರಾಗಿ ಬಲ್ಲರು. ಹುಟ್ಟಿಸಿದೋನಿಗೆ ಅಷ್ಟೂ ಕೈಲಾಗಲ್ವಾ?"

ಮೇಷ್ಟ್ರು ಅಲ್ಲಿಗೆ ಸೋಲೊಪ್ಪಿ ಚಾಕ್ ಪೀಸು ಹುಡುಕುತ್ತಿದ್ದರು. ದೊಡ್ಡ ಮಿಸ್ ಚಹಾದ ಲೋಟದೊಳಗೆ ನೋಡಿಕೊಂಡು ನಗುತ್ತಿದ್ದರು. ವಿನಯ ಎಂದುಕೊಂಡಿದ್ದೆ. — ವಿನಯ!

ನನ್ನ ಮಗಳು ಇಲ್ಲಿಯೇ ನಾಲ್ಕನೆಯ ತರಗತಿಯಲ್ಲಿದ್ದಳು. ಜ್ವರ ಬಂತು; ಇಳಿಯಲಿಲ್ಲ. ಅದರ ಬಗ್ಗೆ ಇಷ್ಟು ಸಾಕು.

ಮನೆಗೆ ಬಂದವರೆಲ್ಲ ದೇವರ ಇಚ್ಛೆ ಎಂದು ಹೇಳಿ ಹೋದರು. ವಾದದಲ್ಲಿ ಮೇಷ್ಟ್ರೇ ಗೆದ್ದರು, ಯಾರನ್ನು ಕರೆದೊಯ್ದೆನೆಂಬುದೂ ಆ ದೇವರಿಗೆ ತಿಳಿದಿಲ್ಲ ಎಂದು ಮನಸ್ಸಿನಲ್ಲಿ ತೀರ್ಮಾನಿಸಿದ್ದೆ. ಆಗ ದೊಡ್ಡ ಮಿಸ್ ಬಂದರು. ಕುರ್ಚಿ ಕೊಟ್ಟರೂ ಕೂರಲಿಲ್ಲ, ನೆಲದ ಮೇಲೆ ನನ್ನ ಪಕ್ಕದಲ್ಲಿ ಕೂತು, "ನಮ್ಮ ಪಿಟೀಲು ಹೋಗ್ಬಿಟ್ಲಾ?" ಎಂದರು.

ಯಾವ ಪಿಟೀಲು ಎಂದೆ.

"ನಿಮ್ಮ ಮಗಳು ಕಣಮ್ಮ. ಶಾಲೇಲಿ ಅವಳನ್ನ ಪಿಟೀಲು ಅಂತಾರೆ. ಲೆಕ್ಕ ಮಾಡುವಾಗ ಬಾಯೊಳಗೇ ಕುಯ್ಯೋ ಅಂತ ರಾಗ ಎಳೀತಿದ್ಲು. ಉತ್ತರ ಸರಿ ಬಂದ್ರೆ ರಾಗ ಟಕ್ ಅಂತ ನಿಂತ್ಹೋಗೋದು."

ನಾನು ಹೆತ್ತವಳು. ಆ ಹೆಸರನ್ನು ಕೇಳಿರಲಿಲ್ಲ, ಆ ರಾಗವನ್ನೂ ಕೇಳಿರಲಿಲ್ಲ. ನನ್ನೆದುರು ಅವಳು ತುಟಿ ಮುಚ್ಚಿಯೇ ಲೆಕ್ಕ ಮಾಡುತ್ತಿದ್ದಳು. ಆ ದಿನ ನಾನು ಮೊದಲ ಬಾರಿ ಅತ್ತೆ. ಅಷ್ಟು ಮಕ್ಕಳ ನಡುವೆ ನನ್ನ ಮಗುವನ್ನು ಬಲ್ಲವರು ಒಬ್ಬರಿದ್ದರು. ಹಾಗಿದ್ದರೆ, ಅಷ್ಟು ಜೀವಗಳ ನಡುವೆ ಅವಳನ್ನು ಬಲ್ಲವನೂ ಒಬ್ಬ ಇರಬಹುದು. ಮರುವಾರ ಕೆಲಸಕ್ಕೆ ಬಂದೆ. ಈ "ಇರಬಹುದು" ಎಂಬ ಒಂದು ಪದಕ್ಕೆ ಒರಗಿಕೊಂಡೇ ನಿವೃತ್ತಿಯವರೆಗೆ ಪಾಠ ಮಾಡಿದೆ, ಆಮೇಲೂ ಬದುಕಿದೆ.

ಹೋದ ತಿಂಗಳು ದೊಡ್ಡ ಮಿಸ್ ಹಾಸಿಗೆ ಹಿಡಿದಿದ್ದಾಗ ನೋಡಲು ಹೋಗಿದ್ದೆ. ಸೊಸೆಯವರು ಹಣ್ಣಿನ ರಸವನ್ನು ಚಮಚದಲ್ಲಿ ಕುಡಿಸಿ, ಬಾಯಿ ಒರೆಸಿ, ಲೋಟ ತೊಳೆಯಲು ಒಳಗೆ ಹೋದರು. ನಾನು ಧೈರ್ಯ ಹೇಳೋಣವೆಂದು ಕೈ ಹಿಡಿದುಕೊಂಡೆ. "ಹೆದರ್ಕೋಬೇಡಿ ಮಿಸ್. ನೀವು ಮಕ್ಕಳನ್ನ ಬಲ್ಲ ಹಾಗೇ ಅವನು ನಿಮ್ಮನ್ನ ಬಲ್ಲ."

ಅವರು ನಕ್ಕರು. ನಕ್ಕು ಕೆಮ್ಮು ಬಂತು. "ನಾನು ಬಲ್ಲ ಹಾಗೇನಾ? ಹಾಗಾದ್ರೆ ನನ್ನ ಗತಿ ಮುಗೀತು ಕಣ್ರೀ."

ಅಂದರೆ?

"ನನಗೆ ಹೆಸರು ನಿಲ್ಲೋದೇ ಇಲ್ಲ. ಮದುವೆಯಾದ ಹೊಸದರಲ್ಲಿ ನಾದಿನಿಯರನ್ನೆಲ್ಲ ಅದಲುಬದಲು ಕರೆದು ಬೈಸಿಕೊಂಡೋಳು ನಾನು. ಗೇಟಿನ ಹತ್ರ ಮಕ್ಕಳು ಒಬ್ಬರನ್ನೊಬ್ಬರು ಕೂಗ್ಕೋತಾ ಬರ್ತವಲ್ಲ, ಅದನ್ನ ಕೇಳಿಸ್ಕೊಳ್ತಿದ್ದೆ. ಹತ್ರ ಬಂದಾಗ ಅದನ್ನೇ ವಾಪಸ್ ಹೇಳ್ತಿದ್ದೆ. ಸಂಜೆಗೆ ಮರ್ತುಹೋಗಿರೋದು."

"ಮತ್ತೆ ನನ್ನ ಮಗಳು?"

"ಇನ್ನು ಮುಚ್ಚಿಟ್ಟು ಏನು ಮಾಡ್ಲಿ? ಅವಳ ಮುಖ ನನಗೆ ನೆನಪಿಗೇ ಬರ್ಲಿಲ್ಲ. ನಿಮ್ಮನೆಗೆ ಬರೋ ಮುಂಚೆ ಅವಳ ಕ್ಲಾಸಿಗೆ ಹೋಗಿ, ಅವಳು ಹೇಗಿದ್ಲು ಹೇಳ್ರೋ ಅಂತ ಕೇಳಿದೆ. ಮಕ್ಕಳು ಹೇಳಿದ್ವು. ನಾನು ಬಂದು ನಿಮಗೆ ಒಪ್ಪಿಸಿದೆ."

ಒಪ್ಪಿಸಿದೆ. ಪಾಠ ಒಪ್ಪಿಸುವ ಹಾಗೆ!

ನಾನು ಎದ್ದು ಬಂದೆ. ಸೊಸೆಯವರು ಕೂತ್ಕೊಳ್ಳಿ ಆಂಟಿ ಎನ್ನುತ್ತಿದ್ದರೂ ಚಪ್ಪಲಿ ಮೆಟ್ಟಿದೆ. ಆಮೇಲೆ ದೊಡ್ಡ ಮಿಸ್ ಹೇಳಿಕಳಿಸಿದರು. ನಾನು ಹೋಗಲಿಲ್ಲ. ಈಗ ಅವರಿಲ್ಲ, ನನ್ನ ಸಿಟ್ಟು ಇದೆ. ಸತ್ತವರ ಮೇಲೆ ಸಿಟ್ಟಿರಬಾರದು ಎನ್ನುತ್ತಾರೆ. ಅದನ್ನು ಎಲ್ಲಿ ಇಳಿಸಲಿ ಎಂದು ಮಾತ್ರ ಯಾರೂ ಹೇಳುವುದಿಲ್ಲ. ಅವರ ಜ್ಞಾಪಕಶಕ್ತಿಯ ಕತೆಯೊಂದೇ ಸುಳ್ಳಾಗಿದ್ದರೆ ತಡೆದುಕೊಳ್ಳುತ್ತಿದ್ದೆ. ಆದರೆ ಅವರ ಹಿಂದೆ ನಾನು ಇನ್ನೊಬ್ಬನನ್ನು ನಿಲ್ಲಿಸಿದ್ದೆನಲ್ಲ — ಇವರು ಸರಿದು ನಿಂತ ಕೂಡಲೇ ನೋಡುತ್ತೇನೆ, ಅಲ್ಲಿ ಯಾರೂ ಇರಲಿಲ್ಲ.

ಆದ್ದರಿಂದ, "ಗೇಟಿನಲ್ಲಿ ದೊಡ್ಡ ಮಿಸ್ ನನ್ನನ್ನು ಹೆಸರು ಹಿಡಿದು ಕರೆದರು" ಎಂದು ಇಂದಿಗೂ ಬೀಗುತ್ತಿರುವ ನಿಮಗೆಲ್ಲ ಹೇಳುತ್ತಿದ್ದೇನೆ. ನಿಮಗೂ ಮೋಸವಾಗಿದೆ. ನಿಮ್ಮಲ್ಲಿ ಯಾರೊಬ್ಬರನ್ನೂ ಅವರು —

ಯಾಕೆ ನಗುತ್ತಿದ್ದೀರಿ? ಯಾರದು, ಬಾಗಿಲ ಬಳಿ? ಎದ್ದು ನಿಂತು — ನಿಂತೇ ಇದ್ದೀರಿ. ಹೇಳಿ. ಓ, ನೀನೇನಾ? ಹೇಳಪ್ಪ, ಗಟ್ಟಿಯಾಗಿ ಹೇಳು.

— ಮೇಷ್ಟ್ರೇ, ನಿಮಗೆ ಕೇಳಿಸಿರಲಿಕ್ಕಿಲ್ಲ, ನಾನೇ ಹೇಳುತ್ತೇನೆ. ನಮ್ಮ ಲಾಟೀನು, ಈಗ ಬಸ್ಸು ಓಡಿಸುತ್ತಾನೆ, ಹೇಳುತ್ತಿದ್ದಾನೆ: "ನಮಗೆಲ್ಲ ಗೊತ್ತಿತ್ತು ಮಿಸ್. ಅದಕ್ಕೇ ಅಲ್ವಾ ಗೇಟು ಬರ್ತಿದ್ದ ಹಾಗೆ ಬೇಕಂತ ಗಂಟಲು ಹರ್ಕೊಳ್ತಿದ್ದಿದ್ದು? ಹೊಸದಾಗಿ ಸೇರಿದ ಮಗು ಇದ್ರೆ ಎರಡೆರಡು ಸಲ ಕೂಗ್ತಿದ್ವಿ, ಪಾಪ ದೊಡ್ಡ ಮಿಸ್‌ಗೆ ಗೊತ್ತಾಗ್ಲಿ ಅಂತ."

ಗೊತ್ತಿತ್ತು.

ತಲೆಯಾಡಿಸುತ್ತಿರುವವರು ಎಷ್ಟು ಜನ! ಇಡೀ ಶಾಲೆಗೆ ಗೊತ್ತಿತ್ತು. ಮಕ್ಕಳಿಗೆ ಗೊತ್ತಿತ್ತು. ನನ್ನೊಬ್ಬಳನ್ನು ಬಿಟ್ಟು.

ಸರಿ. ಹಾಗಾದರೆ ಒಂದು ಪ್ರಶ್ನೆ ಕೇಳುತ್ತೇನೆ, ಯೋಚಿಸಿ ಉತ್ತರ ಹೇಳು. ನಿನ್ನ ತಂಗಿಯೂ ನನ್ನ ಮಗಳೂ ಒಂದೇ ತರಗತಿ. ಹೊಸ ಮಗುವನ್ನು ಕೂಡ ಎರಡು ಸಲ ಕೂಗಿದಿರಿ. ಪಿಟೀಲು ಎಂದು ಗೇಟಿನ ಬಳಿ ಒಬ್ಬರೂ ಒಂದು ದಿನವೂ ಕೂಗಲಿಲ್ಲವೇ? ಕೂಗಿದ್ದರೆ ದೊಡ್ಡ ಮಿಸ್ ಅವಳನ್ನೂ ಕರೆಯುತ್ತಿದ್ದರಲ್ಲ? — ತಲೆ ತಗ್ಗಿಸಬೇಡ. ಹೇಳು.

ಏನು?

"ಅವಳು ನಿಮ್ಮ ಕೈ ಹಿಡ್ಕೊಂಡು ಬರ್ತಿದ್ಲು ಮಿಸ್. ನೀವು ಪಕ್ಕದಲ್ಲಿರುವಾಗ ಕೂಗೋಕೆ ಯಾರಿಗೆ ಧೈರ್ಯ?"

...

ಇಲ್ಲ ಮೇಷ್ಟ್ರೇ. ಅವನು ಏನಂದ ಎಂದು ನಿಮಗೆ ಆಮೇಲೆ ಹೇಳುತ್ತೇನೆ.

ನನಗೆ ನೀರು ಬೇಡ, ಕೊಡಬೇಡಿ. ಮುಗಿಸುತ್ತೇನೆ.

ದಯವಿಟ್ಟು ಎಲ್ಲರೂ ಎದ್ದು ನಿಲ್ಲಿ. ಮೇಷ್ಟ್ರೇ, ನೀವು ಕೂತಿದ್ದರೆ ಪರವಾಗಿಲ್ಲ. ನಮ್ಮ ದೊಡ್ಡ ಮಿಸ್ ಅವರಿಗೆ ಗೌರವ ಸಲ್ಲಿಸಲು ಒಂದು ನಿಮಿಷ ಮೌನವಾಗಿರೋಣ. ಅವರು ನನ್ನ ಮಗಳನ್ನು ಬಲ್ಲವರಾಗಿರಲಿಲ್ಲ. ಆದರೂ ಮಕ್ಕಳನ್ನು ಕೇಳಿ ತಿಳಿದುಕೊಂಡು ನನ್ನ ಬಾಗಿಲಿಗೆ ಬಂದರು. ಅದಕ್ಕಾಗಿ ನಾನೂ ನಿಲ್ಲುತ್ತೇನೆ; ಕ್ಷಮೆಯ ಮಾತು ಬೇರೆ, ಅದನ್ನು ಇವತ್ತು ನನ್ನಿಂದ ಕೇಳಬೇಡಿ. ಅವರ ಹಿಂದೆ ನಾನು ನಿಲ್ಲಿಸಿದ್ದ ಆ ದೇವರು ಯಾರನ್ನೂ ಕೇಳಲಿಲ್ಲ, ನನ್ನ ಬಾಗಿಲಿಗೂ ಬರಲಿಲ್ಲ. ಈಗ ಈ ಒಂದು ನಿಮಿಷ ನಾವು ಯಾರೂ ಮಾತನಾಡುವುದಿಲ್ಲ.

ಅವನಿಗೆ ಏನಾದರೂ ಹೇಳುವುದಿದ್ದರೆ ಹೇಳಲಿ.