ರಬಕವಿ ಬಸ್ಸಿನಲ್ಲಿ ನಿಂತ ಸರ್ವರ್

ಜಮಖಂಡಿಯಿಂದ ರಬಕವಿಗೆ ಹೊರಟ ಬಸ್ಸಿನಲ್ಲಿ, ನನ್ನ ಮುಂದಿನ ಸೀಟಿನ ಹುಡುಗಿ ತೊಡೆಯ ಮೇಲೆ ಲ್ಯಾಪ್‌ಟಾಪ್ ತೆರೆದಿದ್ದಳು. ಪಕ್ಕದವನು ಅದೇ ಆಫೀಸಿನವನು, ಅವಳಿಗಿಂತ ಹಿರಿಯ.

“ಪ್ರೇಮಣ್ಣ, ರಬಕವಿ ಸೀರಿ ಅಂಗಡಿಗೋಳ ಬಿಲ್ ಯಾಕ ತಡಾ ಆಗಾಕತ್ತಾವ ಅಂತ ನೋಡಾಕ, ಇಲ್ಲಿಂದನ ಜಾವಾ ಸರ್ವರಿಗೆ ತಪ್ಪು ಹುಡುಕೋ ಡಿಬಗರ್ ಹಚ್ಚೇನ್ರಿ.”

“ಛಲೋ ಆತು, ನೇತ್ರಾ. ಏನ್ ಸಿಕ್ತು?”

“ಬಿಲ್ ಮಾಡೋ ಕೋಡಿನ್ಯಾಗ ಬ್ರೇಕ್‌ಪಾಯಿಂಟ್ ಇಟ್ಟೆ. ಬಂದ ಬಿಲ್ ಅಲ್ಲೇ ನಿಂತೈತ್ರಿ.”

“ಅದೊಂದ ಅಲ್ಲವಾ, ಪೂರಾ ಸರ್ವರ್ ನಿಂತಿರತೈತಿ! ಅಂಗಡ್ಯಾಗ ಗಿರಾಕಿ ಕುಂತಾರ.”

“ಅಯ್ಯ! ನಮ್ಮನ್ಯಾಗ ನೂಲು ಹರದ್ರ ಮೊದಲ ಮಗ್ಗ ನಿಂದರಸ್ತಾರ್ರಿ. ಅದ ರೂಢಿ ಆಗೇತಿ.”

“ಮಗ್ಗ ನಿಂತ್ರ ನಿಮ್ಮನಿದಷ್ಟ ನಿಂದರತೈತಿ. ಸರ್ವರನ್ನ ಮೊದಲ ಓಡಾಕ ಬಿಡು. ಆಮ್ಯಾಲ ಪ್ರೊಫೈಲರ್ ಹಚ್ಚು. ಎಲ್ಲಿ ಹೊತ್ತು ಹೋಗತೈತಿ ಅಂತ ಅದು ಸರ್ವರ್ ಓಡೂವಾಗನ ಹೇಳತೈತಿ.”

“ಬಿಡಾಕತ್ತೇನ್ರಿ… ಅಣ್ಣಾ, ನೆಟ್ ಹೋತು! ಸರ್ವರ್ ಇನ್ನೂ ನಿಂತ ಐತ್ರಿ!”

“ಹಿಂದಿನ ಕ್ರಾಸಿನ್ಯಾಗ ನೆಟ್ ಇತ್ತಲ್ಲ. ಏಳು, ಇಳಿ, ಅಲ್ಲಿಗೆ ಹೋಗಿ ಬಿಡು. ಕಂಡಕ್ಟರ್ ಸಾಹೇಬ್ರ, ಗಾಡಿ ನಿಂದರಸ್ರಿ!”

ತೆರೆದ ಲ್ಯಾಪ್‌ಟಾಪನ್ನು ತಟ್ಟೆಯಂತೆ ಹಿಡಿದುಕೊಂಡು ಅವಳು ಇಳಿಯುವವರೆಗೆ, ನಾವೆಲ್ಲ ಬಿಸಿಲಲ್ಲಿ ನಿಂತ ಬಸ್ಸಿನೊಳಗೆ ಕಾಯುತ್ತ ಕುಳಿತಿದ್ದೆವು, ರಬಕವಿಯ ಆ ಗಿರಾಕಿಗಳ ಹಾಗೆ.